ನಿಂತಲ್ಲೇ ಹಾರುತ್ತಿದ್ದ ಹದ್ದು

"ಅಮ್ಮಾ, ಆ ಹದ್ದು ನೋಡು! ರೆಕ್ಕೆ ಬಡೀತಿದೆ, ಆದ್ರೆ ಮುಂದಕ್ಕೇ ಹೋಗ್ತಿಲ್ಲ."

ಸ್ಕೂಟರಿನ ಹಿಂದಿನ ಸೀಟಿನಿಂದ ಮಗಳು ಕೂಗಿದಳು. ಹೆಬ್ಬಗೋಡಿ ದಾಟಿ ಒಳರಸ್ತೆಯಲ್ಲಿ ಹೋಗುತ್ತಿದ್ದೆವು. ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ನಮ್ಮ ತಾರಸಿಯಲ್ಲಾಗಲಿ, ದಾರಿಯಲ್ಲಾಗಲಿ, ಹಕ್ಕಿ ಕಂಡರೆ ನಿಂತು ನೋಡುವುದು ನಮ್ಮಿಬ್ಬರ ಚಟ. ಬ್ರೇಕ್ ಹಿಡಿದು ತಲೆಯೆತ್ತಿದೆ. ಹದ್ದು ನಿಂತಲ್ಲೇ ಒದ್ದಾಡುತ್ತಿತ್ತು.

ಎದುರಿಗೆ ಆಟೊ ನಿಲ್ಲಿಸಿದ ಚಾಲಕ ಕೈ ಅಡ್ಡ ಚಾಚಿ ಕಿರುಚಿದರು: "ಮೇಡಂ, ಮುಂದಕ್ ಬರ್ಬೇಡಿ! ಮಾಂಜಾ ದಾರ ಐತೆ!"

ಬಿಸಿಲಿಗೆ ಮಿಂಚಿದಾಗಷ್ಟೇ ನನಗದು ಕಂಡಿತು. ಹದ್ದಿನ ರೆಕ್ಕೆಗೆ ಸುತ್ತಿಕೊಂಡಿದ್ದ ಗಾಳಿಪಟದ ದಾರ, ಗಾಜಿನ ಪುಡಿ ಮೆತ್ತಿದ್ದು, ಓರೆಯಾಗಿ ಇಳಿದು ರಸ್ತೆಗೆ ಅಡ್ಡಲಾಗಿ ಕಂಬಕ್ಕೆ ಬಿಗಿದಿತ್ತು. ಸರಿಯಾಗಿ ನನ್ನ ಕತ್ತಿನ ಎತ್ತರಕ್ಕೆ, ಒಂದು ಮಾರು ದೂರದಲ್ಲಿ. ಮಗಳನ್ನು ಇಳಿಸಿ, ಸ್ಕೂಟರನ್ನು ಹಿಂದಕ್ಕೆ ತಳ್ಳಿ ಪಕ್ಕಕ್ಕೆ ನಿಲ್ಲಿಸಿದೆ.

ಆಟೊದವರು ದಾರವನ್ನು ಮೆಲ್ಲಗೆ ಎಳೆದು ಹದ್ದನ್ನು ಇಳಿಸಿ, ತಮ್ಮ ಟವೆಲ್ಲಿನಲ್ಲಿ ಸುತ್ತಿದರು. ಅವರ ಬೆರಳೂ ಕೊಯ್ದು ರಕ್ತ ಸುರಿಯುತ್ತಿತ್ತು. ಅವರ ಆಟೊದಲ್ಲೇ ಹಕ್ಕಿಯನ್ನು ಪಶು ಆಸ್ಪತ್ರೆಗೆ ಒಯ್ದೆವು. ಗಾಯ ಮೂಳೆಯವರೆಗೆ ಇಳಿದಿತ್ತು. ಅದು ಬದುಕಲಿಲ್ಲ.

ಈಗ ಸ್ಕೂಟರ್ ಹತ್ತಿದ ಕೂಡಲೇ ಮಗಳು ಹಿಂದಿನಿಂದ ತನ್ನ ಎರಡೂ ಅಂಗೈಗಳನ್ನು ನನ್ನ ಕತ್ತಿಗೆ ಅಡ್ಡ ಹಿಡಿಯುತ್ತಾಳೆ. ಆ ಪುಟ್ಟ ಬೆರಳುಗಳನ್ನು ಬಿಡಿಸಿ ಕೆಳಗಿಳಿಸಿ, ನನ್ನ ಸೊಂಟಕ್ಕೆ ಸುತ್ತಿಸಿ ಆಮೇಲೆ ಹೊರಡುತ್ತೇನೆ.