ಕಂಬಳಿಯಲ್ಲಿ ಸಿಕ್ಕಿಕೊಂಡ ಹುಲ್ಲು

ದೆವ್ವ, ಶಕುನ, ಮೈಮೇಲೆ ಬರುವುದು, ಇವು ಯಾವುದನ್ನೂ ನಾನು ನಂಬಿದವನಲ್ಲ. ಮಹಾರಾಷ್ಟ್ರದ ವೈಜಾಪುರದ ಬಜಾರಿನಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಅಮಾವಾಸ್ಯೆ ಬಂತೆಂದರೆ ಬಾಗಿಲಿಗೆ ಕಟ್ಟುವ ನಿಂಬೆಹಣ್ಣು, ಮೆಣಸಿನಕಾಯಿ ಜನ ನನ್ನಲ್ಲೇ ಕೊಳ್ಳುತ್ತಾರೆ. ಮಾರಿದ್ದೇನೆ, ಆದರೆ ನನ್ನ ಬಾಗಿಲಿಗೆ ಒಮ್ಮೆಯೂ ಕಟ್ಟಿಲ್ಲ. ತಕ್ಕಡಿಗೆ ಬೀಳುವುದಷ್ಟೇ ನಿಜ ಎಂದುಕೊಂಡು ಬದುಕಿದವನು ನಾನು. ಓದಿದ್ದು ನಾಲ್ಕನೇ ಇಯತ್ತೆ. ಆದ್ದರಿಂದ ಈಗ ಹೇಳುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ನಿಜ ಹೇಳಬೇಕೆಂದರೆ ಈಗ ನನಗೆ ಯಾವುದಕ್ಕೂ ಬೇಸರವಿಲ್ಲ. ನನ್ನ ಮೊಮ್ಮಗಳು ಶ್ರುತಿ ಹೋದ ತಿಂಗಳು ಡಾಕ್ಟರ್ ಆದಳು! ಇಡೀ ಬಜಾರಿಗೆ ಪೇಢೆ ಹಂಚಿದೆ. ದವಾಖಾನೆ ಎಲ್ಲಿ ತೆಗೆಯುತ್ತಾಳೆ ಎಂದು ಕೇಳಿದವರಿಗೆಲ್ಲ, ಅವಳು ಹುಲ್ಲಿನ ಡಾಕ್ಟರಪ್ಪಾ ಎಂದು ಹೇಳಿ ಇನ್ನೊಂದು ಪೇಢೆ ಕೊಟ್ಟೆ. ಅವಳ ಅಪ್ಪ, ನನ್ನ ಮಗ, ನಾಸಿಕದಲ್ಲಿ ನೌಕರಿಗಿದ್ದಾನೆ. ಕಾಲೇಜು ನಮಗೆ ಹತ್ತಿರದ ಸಂಭಾಜಿನಗರದಲ್ಲಿ ಇದ್ದುದರಿಂದ ಹುಡುಗಿ ನಮ್ಮ ಮನೆಯಲ್ಲೇ ಉಳಿದಳು. ಅವಳ ಹುಲ್ಲಿನ ಕುಂಡಗಳೂ ನಮ್ಮ ಮಾಳಿಗೆಗೆ ಬಂದವು.

ಅವಳು ಸಂಶೋಧನೆಗೆ ಹಿಡಿದದ್ದು ಚುಚ್ಚುವ ಹುಲ್ಲು. ಬಯಲಿನಲ್ಲಿ ನಡೆದರೆ ಧೋತರಕ್ಕೆ ಸೂಜಿಯ ಹಾಗೆ ನಾಟಿಕೊಳ್ಳುತ್ತದಲ್ಲ, ಅದು. ಅದರ ಬೀಜಕ್ಕೆ ಉದ್ದನೆಯ ಬಾಲ ಇರುತ್ತದೆ. ಒಣಗಿದಾಗ ಹುರಿಯಾಗಿ ಸುತ್ತಿಕೊಂಡಿರುವ ಆ ಬಾಲ ತೇವ ತಾಗಿದೊಡನೆ ಬಿಚ್ಚಿಕೊಳ್ಳುತ್ತ ತಿರುಗುತ್ತದೆ, ಬೀಜವನ್ನು ನೆಲದೊಳಗೆ ಕೊರೆದು ಇಳಿಸುತ್ತದೆ. ಶ್ರುತಿ ಒಂದು ಹನಿ ನೀರು ಬಿಟ್ಟು ತೋರಿಸಿದ್ದಳು. ಮಳೆ ಮೊದಲಿನಂತಿಲ್ಲ, ತಡವಾಗಿ ಬಂದು ಬೇಗ ಹೋಗುತ್ತದೆ. ಈ ಮಳೆಗೆ ಹುಲ್ಲು ಹೇಗೆ ಬದಲಾಗಿದೆ ಎಂಬುದು ಅವಳ ಪ್ರಶ್ನೆ. ಅದಕ್ಕೆ ಒಂದೇ ಊರಿನ ಹಳೆಯ ಕಾಲದ ಬೀಜ ಮತ್ತು ಈಗಿನ ಬೀಜ, ಎರಡನ್ನೂ ಜೊತೆಗೇ ಬೆಳೆಸಿ ನೋಡಬೇಕಂತೆ. ಹಳೆಯ ಬೀಜ ಎಲ್ಲಿಂದ ತರುವುದು?

ಅದು ನಮ್ಮ ಟ್ರಂಕಿನಲ್ಲೇ ಸಿಕ್ಕಿತು. ಬೀದರ ಕಡೆಯ ನಮ್ಮ ಹಳ್ಳಿಯಲ್ಲಿ ನನ್ನ ತಾಯಿ ಹೊದ್ದುಕೊಂಡು ಹುಲ್ಲು ಕೊಯ್ಯಲು ಹೋಗುತ್ತಿದ್ದ ಕರಿ ಕಂಬಳಿ ಅದು. ಅವಳು ತೀರಿಕೊಂಡಾಗ ನಾನು ತಂದದ್ದು. ಶ್ರುತಿಯ ಅಪ್ಪ ಆಗಿನ್ನೂ ತೊಟ್ಟಿಲಲ್ಲಿದ್ದ. ತೊಳೆದರೆ ತಾಯಿಯ ವಾಸನೆ ಹೋದೀತೆಂದು ನಾನು ಅದನ್ನು ತೊಳೆಯಗೊಟ್ಟಿಲ್ಲ. ವರ್ಷಕ್ಕೊಮ್ಮೆ ಬಿಸಿಲು ತೋರಿಸಿ, ಬೇವಿನ ಎಲೆ ಇಟ್ಟು ಮಡಿಚುವುದಷ್ಟೇ. "ನಿಮ್ಮವ್ವನ ಕಂಬಳಿದಾಗ ಅರ್ಧ ಬೀದರ ಜಿಲ್ಲಾದ ಧೂಳ ಅದ," ಎಂದು ನನ್ನ ಹೆಂಡತಿ ವರ್ಷವರ್ಷವೂ ಗೊಣಗುತ್ತಾಳೆ. ಆ ಸಲ ಬಿಸಿಲಿಗೆ ಹಾಕಿದಾಗ ಶ್ರುತಿ ಬಗ್ಗಿ ನೋಡಿ ಕೂಗಿಕೊಂಡಳು. ಉಣ್ಣೆಯೊಳಗೆ ಆ ಕಾಲದ ಹುಲ್ಲಿನ ಬೀಜಗಳು ಹಾಗೇ ಸಿಕ್ಕಿಕೊಂಡಿದ್ದವು.

ಇಷ್ಟು ಹಳೆಯ ಬೀಜ ಮೊಳೆಯುವುದು ಕಷ್ಟ ಎಂದು ಅವಳೇ ಹೇಳಿದ್ದಳು. ಅರ್ಧ ಬೀಜ ಹಾಕಿದಳು, ಒಂದೂ ಮೊಳೆಯಲಿಲ್ಲ. ಹಳೆಯದರ ಆಸೆ ಬಿಟ್ಟು ಬೇರೆ ವಿಷಯ ನೋಡಿಕೋ ಎಂದರು ಅವಳ ಗೈಡ್. ಅಂದರೆ ಅವಳ ವರ್ಷಗಳ ದುಡಿಮೆ ನೀರಿಗೆ ಬಿದ್ದ ಹಾಗೆ. ಹುಡುಗಿ ಊಟ ಬಿಟ್ಟಳು. ಉಳಿದಿದ್ದು ಒಂದು ಚಿಟಿಕೆ ಬೀಜ.

ಅದು ಜೂನ್ ತಿಂಗಳು. ವೈಜಾಪುರಕ್ಕೆ ಇನ್ನೂ ಒಂದು ಹನಿ ಬಿದ್ದಿರಲಿಲ್ಲ, ಬಿಸಿಗಾಳಿಗೆ ತುಟಿ ಒಡೆಯುತ್ತಿತ್ತು. ಶ್ರುತಿ ಗೈಡ್ ಹತ್ತಿರ ಮಾತಾಡಲು ಬೆಳಿಗ್ಗೆಯೇ ಹೊರಟಳು. ಹೋಗುವಾಗ ಮೇಜಿನ ಮೇಲೆ ಎರಡು ಸ್ಟೀಲಿನ ತಾಟು ಇಟ್ಟಳು. ಒಂದರಲ್ಲಿ ಕಂಬಳಿಯ ಬೀಜ, ಇನ್ನೊಂದರಲ್ಲಿ ಅದೇ ಹಳ್ಳಿಯಿಂದ ನಾವಿಬ್ಬರೂ ಹೋಗಿ ತಂದ ಹೊಸ ಬೀಜ. "ಮುತ್ಯಾ, ಹಾತ್ ಲಾವೂ ನಕಾ. ಮುಟ್ಟಬ್ಯಾಡ್ರಿ. ಅಜ್ಜಿಗೂ ಮುಟ್ಟಗೊಡಬ್ಯಾಡ್ರಿ," ಎಂದು ಎರಡೆರಡು ಸಲ ಹೇಳಿದಳು.

ಇಂಥ ಕತೆಗಳೆಲ್ಲ ರಾತ್ರಿಯೇ ನಡೆಯುತ್ತವಂತೆ. ನನ್ನದು ನಡೆದದ್ದು ಮಟಮಟ ಮಧ್ಯಾಹ್ನ. ಊಟ ಮಾಡಿ ಕಾವಲು ಕೂತಿದ್ದೆ. ಹೆಂಡತಿ ಪಕ್ಕದ ಮನೆಗೆ ಶ್ಯಾವಿಗೆ ಮಾಡಲು ಹೋಗಿದ್ದಳು. ಕರೆಂಟ್ ಇರಲಿಲ್ಲ, ಪಂಖಾ ನಿಂತಿತ್ತು. ಆಗ ತಾಟಿನಲ್ಲಿ ಏನೋ ಸರಿದಂತಾಯಿತು. ಇರುವೆ ಇರಬೇಕೆಂದು ಬಗ್ಗಿದೆ. ಇರುವೆ ಇಲ್ಲ. ಕಂಬಳಿಯ ಬೀಜವೊಂದರ ಬಾಲ ತಿರುಗುತ್ತಿತ್ತು. ನೋಡುತ್ತಿದ್ದ ಹಾಗೇ ಇನ್ನೊಂದು, ಮತ್ತೊಂದು. ಸ್ಟೀಲಿನ ಮೇಲೆ ಉಗುರು ಕೆರೆದಂಥ ಸಣ್ಣ ಸದ್ದು. ಎಲ್ಲವೂ ಹೊರಳಿ ಹೊರಳಿ, ಮಳೆಗೆ ಕುರಿಗಳು ಒತ್ತೊತ್ತಾಗಿ ನಿಲ್ಲುವ ಹಾಗೆ, ಒಂದೇ ಕಡೆ ಗುಂಪಾದವು. ಪಕ್ಕದ ತಾಟಿನ ಹೊಸ ಬೀಜ ಮಾತ್ರ ಸುಮ್ಮನೆ ಬಿದ್ದಿತ್ತು.

ಅದೇ ಹೊತ್ತಿಗೆ ನನಗೆ ತೊಯ್ದ ಕಂಬಳಿಯ ವಾಸನೆ ಬಂತು. ತಾಯಿ ಮಳೆಯಲ್ಲಿ ನೆನೆದು, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬಾಗಿಲಲ್ಲಿ ಬಗ್ಗಿ ಒಳಗೆ ಬರುವಾಗ ಬರುತ್ತಿದ್ದ ವಾಸನೆ. ಎದ್ದು ಹೋಗಿ, ಬೀಜ ಆರಿಸಿದ ಮೇಲೆ ಒಳಗಿನ ಹಗ್ಗದ ಮೇಲೇ ಉಳಿದಿದ್ದ ಕಂಬಳಿ ಮುಟ್ಟಿದೆ. ಒಣ ಒಣ.

ಏನು ಮಾಡಬೇಕೋ ತಿಳಿಯದೆ ಹಳ್ಳಿಯಲ್ಲಿರುವ ತಂಗಿ ಗಂಗಮ್ಮನಿಗೆ ಫೋನ್ ಹಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಕೂಗಿದಳು. "ಅಣ್ಣಾ, ಈಗ್ಯಾಕ ಫೋನ್ ಹಚ್ಚೀರಿ? ಮಾಳಗಿ ಮ್ಯಾಲಿನ ಹಪ್ಪಳೆಲ್ಲಾ ತೊಯ್ದು ರಾಡಿ ಆದ್ವು! ಮದಲ್ನೇ ಮಳಿ, ಹ್ಯಾಂಗ ಹೊಡಿಲತ್ತದ ಕೇಳ್ರಿ!" ಫೋನಿನೊಳಗೆ ತಗಡಿನ ಮೇಲೆ ಮಳೆಯ ಸದ್ದು ಕೇಳಿದೆ. ಇಲ್ಲಿ ಕಿಟಕಿಯಾಚೆ ಬಿಸಿಲು ಉರಿಯುತ್ತಿತ್ತು.

ಸಂಜೆ ಶ್ರುತಿ ಕೆಂಪು ಕಣ್ಣು ಮಾಡಿಕೊಂಡು ಬಂದಳು. ಹಳೆಯ ಬೀಜ ಬಿಡಲೇಬೇಕೆಂದು ಗೈಡ್ ಖಡಕ್ಕಾಗಿ ಹೇಳಿದ್ದರು. ನಾನು ಕಂಡದ್ದನ್ನೂ ಗಂಗಮ್ಮನ ಮಳೆಯನ್ನೂ ಹೇಳಿದೆ. ವಾಸನೆಯ ಮಾತು ಮಾತ್ರ ಎತ್ತಲಿಲ್ಲ, ಅದು ನನ್ನ ತಾಯಿಯದು.

"ಗಾಳಿದಾಗಿನ ತೇವಕ್ಕ ತಿರಗ್ಯಾವ, ಮುತ್ಯಾ."

"ಹೊಸಾವು ಯಾಕ ತಿರಗಲಿಲ್ಲ?"

ಅವಳು ತಾಟನ್ನೇ ನೋಡಿದಳು. "ಮಾಹಿತ್ ನಾಹೀ. ಗೊತ್ತಿಲ್ಲ. ಆದ್ರ ಇದನ್ನ ಸರ್ ಮುಂದ ಹೇಳಿದ್ರ ನಮ್ಮಿಬ್ಬರನ್ನೂ ಕೂಡೇ ದವಾಖಾನಿಗಿ ಕಳಸ್ತಾರ."

"ಕಳಸ್ಲಿ. ಅವಕ್ಕ ಮಳಿ ಬಂದದ. ಇವತ್ತೇ ಹಾಕವ್ವ. ಹ್ಯಾಂಗೂ ಬಿಡಾವ್ರೇ ಇದ್ದೀವಲ್ಲ."

ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಇಬ್ಬರೂ ಮಾಳಿಗೆ ಹತ್ತಿ, ಎರಡೂ ಬೀಜಗಳನ್ನು ಒಂದೇ ಮಣ್ಣಿಗೆ ಹಾಕಿ, ಒಂದೇ ಅಳತೆಯ ನೀರು ಹನಿಸಿದೆವು.

ಹೊಸ ಬೀಜ ಮೊದಲು ಎದ್ದಿತು. ಹಳೆಯ ಕುಂಡಗಳು ಬೋಳಾಗಿಯೇ ಇದ್ದವು. ನಾವು ಅವುಗಳ ಕಡೆ ನೋಡುವುದನ್ನೂ ಬಿಟ್ಟಿದ್ದೆವು. ಒಂದು ಬೆಳಿಗ್ಗೆ ಶ್ರುತಿ "ಮುತ್ಯಾ!" ಎಂದು ಕಿರಿಚಿದ್ದು ಇಡೀ ಓಣಿಗೆ ಕೇಳಿತು. ಸೂಜಿಯಂಥ ಹಸಿರು ಮೊಳಕೆಗಳು. ನನ್ನ ತಾಯಿ ತುಳಿದ ಬಯಲಿನ ಹುಲ್ಲು! ನಾನು ಕುಣಿದದ್ದು ನೋಡಿ ಹೆಂಡತಿ, "ಮೊಮ್ಮಗಳು ಹುಟ್ಟಿದಾಗ್ಲೂ ಇಷ್ಟ್ ಕುಣಿದಿಲ್ರಿ," ಎಂದಳು.

ಹೊಸ ಹುಲ್ಲು ಗಿಡ್ಡಕ್ಕೇ ನಿಂತು ಅವಸರವಸರವಾಗಿ ತೆನೆ ಬಿಟ್ಟಿತು. ಹಳೆಯದು ನಿಧಾನವಾಗಿ, ಎದೆಯುದ್ದ ಬೆಳೆದು, ಎಷ್ಟೋ ತಡವಾಗಿ ತೆನೆಗೆ ಬಂತು. ಮಳೆ ಹೋಗುತ್ತದೆಂಬ ಹೆದರಿಕೆಯೇ ಇಲ್ಲದಂತೆ. ಹುಲ್ಲು ಕಾಲ ನೋಡಿ ಕಲಿತುಕೊಂಡಿದೆ ಎಂದೆ ನಾನು. ಶ್ರುತಿ ತಿದ್ದಿದಳು. "ಯಾವ ಹುಲ್ಲೂ ಕಲಿಯೂದಿಲ್ಲ, ಮುತ್ಯಾ. ಮಳಿ ಲಗೂ ನಿಂತ ವರ್ಷ, ತಡಾ ಮಾಡಿದವುಕ್ಕ ಬೀಜ ಬಲೀಲಿಲ್ಲ. ಲಗೂ ಮಾಡಿದವುಕ್ಕ ಮಕ್ಕಳಾದ್ವು. ಆ ಮಕ್ಕಳಿಗೆ ಮಕ್ಕಳಾದ್ವು. ಉಳದವ್ರು ಹಿಂಗಿದ್ದಾರ." ಮಾತೆತ್ತಿದರೆ ಮರಾಠಿಗೆ ಹೊರಳುವ ಹುಡುಗಿ ಅಷ್ಟುದ್ದ ಕನ್ನಡ ಆಡಿದ್ದನ್ನು ನಾನು ಅಂದೇ ಕೇಳಿದ್ದು.

ಆಮೇಲೆ ಅವಳು ಆ ಹಳೆಯ ಹುಲ್ಲಿನಿಂದ ಉದುರಿದ ಬೀಜವನ್ನೂ, ಕಂಬಳಿಯಲ್ಲಿ ಮತ್ತೆ ಹುಡುಕಿ ತೆಗೆದ ಒಂದೆರಡು ಹಳೆಯ ಬೀಜವನ್ನೂ ತಾಟಿನಲ್ಲಿಟ್ಟು, ಮೊಬೈಲ್ ಕ್ಯಾಮೆರಾ ಹಚ್ಚಿ ಕಾದಳು. ಹಳ್ಳಿಯಲ್ಲಿ ಮೋಡ ಕಟ್ಟಿದರೆ ಸಾಕು, ಗಂಗಮ್ಮ ಫೋನ್ ಮಾಡುತ್ತಿದ್ದಳು. "ಅಣ್ಣಾ, ಇಲ್ಲಿ ಮಳಿ ಬಂತು. ನಿಮ್ಮ ಹುಲ್ಲು ಏನಂತದ?" ಹುಲ್ಲು ಏನೂ ಅನ್ನಲಿಲ್ಲ. ಮತ್ತೆಂದೂ ಒಂದು ಬಾಲವೂ ಅಲುಗಲಿಲ್ಲ.

ಅವಳ ದಪ್ಪನೆಯ ಪುಸ್ತಕದಲ್ಲಿ ಬೀಜ ಹಾಕಿದ ದಿನ ಇದೆ, ಆ ದಿನವೇ ಯಾಕೆ ಎಂಬುದು ಇಲ್ಲ. ಕೇಳಿದ್ದಕ್ಕೆ, "ಅದನ್ನ ನೀವೇ ಬರೀರಿ, ಮುತ್ಯಾ," ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಗಾಳಿಯ ತೇವ ಇರಬಹುದು. ಹಳೆಯ ಬಾಲಗಳು ಸವೆದು ಸೂಕ್ಷ್ಮವಾಗಿರಬಹುದು. ಗಂಗಮ್ಮನ ಮಳೆ ಆ ಹೊತ್ತಿಗೇ ಬಂದದ್ದು ಹಾಗೇ ಒದಗಿ ಬಂದದ್ದಿರಬಹುದು. ನನ್ನ ಮೂಗಿಗೆ ವಯಸ್ಸಾಗಿರಬಹುದು. ಇಷ್ಟನ್ನೆಲ್ಲ ನಾನು ಒಪ್ಪುತ್ತೇನೆ. ಆದರೆ ಆ ಮಧ್ಯಾಹ್ನ ನಾನು ಫೋನ್ ಇಟ್ಟ ಸ್ವಲ್ಪ ಹೊತ್ತಿಗೆ ಹೆಂಡತಿ ಪಕ್ಕದ ಮನೆಯಿಂದ ಬಂದಳು. ನಾನು ಅವಳಿಗೆ ಏನೂ ಹೇಳಿರಲಿಲ್ಲ. ಹೊಸ್ತಿಲಲ್ಲೇ ನಿಂತು, ಮೂಗು ಸಿಂಡರಿಸಿ ಕೇಳಿದಳು:

"ಕಂಬಳಿ ಯಾಕ ತೋಯ್ಸೀರಿ?"