ಅತ್ತೆ ನೆನೆಹಾಕಿದ ಇಟ್ಟಿಗೆ

ಮಣ್ಣಿನ ಮೇಲೆ ನಮ್ಮ ಕನ್ನಡಕ್ಕೆ ಅದೇನು ಸಿಟ್ಟೋ ನಾನರಿಯೆ. ಕೆಲಸ ಕೆಟ್ಟರೆ ಮಣ್ಣುಪಾಲು, ಆಸೆ ಕೆಟ್ಟರೆ ಬಾಯಿಗೆ ಮಣ್ಣು, ಪಾಠ ಹತ್ತದಿದ್ದರೆ ತಲೆಯೊಳಗೆಲ್ಲ ಮಣ್ಣು. ಹೈಸ್ಕೂಲಿನ ಕನ್ನಡ ಟೀಚರಾಗಿ ಈ ನುಡಿಗಟ್ಟುಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು ಅರ್ಥ ಹೇಳಿದವಳು ನಾನೇ. ಮಣ್ಣಿನ ಪರವಾಗಿ ಒಂದು ದಿನವೂ ಬಾಯಿ ತೆರೆದವಳಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾವು ಮಣ್ಣಿನ ಮನೆ ಕಟ್ಟುತ್ತೇವೆಂದು ಹೇಳಿದಾಗ ಆ ನುಡಿಗಟ್ಟುಗಳೆಲ್ಲ ಒಟ್ಟಾಗಿ ನನ್ನ ಮೇಲೇ ಎರಗಿದವು.

ಆಗ ನಾವು ಕುಂಬಾರಕೊಪ್ಪಲಿನ ಬಾಡಿಗೆ ಮನೆಯಲ್ಲಿದ್ದೆವು: ನಾನು, ನಮ್ಮವರು, ನಮ್ಮತ್ತೆ. ನಮ್ಮವರಿಗೆ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕುಲುಮೆಯ ಪಕ್ಕದ ಕೆಲಸ. ವಿಜಯನಗರದ ಕೊನೆಯ ಅಂಚಿನಲ್ಲಿ, ಪಾರ್ಥೇನಿಯಂ ಗಿಡಗಳ ನಡುವೆ, ನಮ್ಮದೂ ಒಂದು ಸೈಟಿತ್ತು. ಒಂದು ಭಾನುವಾರ ಅವರು ಯಾವುದೋ ವಸ್ತುಪ್ರದರ್ಶನಕ್ಕೆ ಹೋಗಿ ಬಂದವರೇ, ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ಶುರುಮಾಡಿದರು: ನೀರಿನ ಸಂಪ್‌ಗಾಗಿ ಅಗೆದ ನಮ್ಮದೇ ಮಣ್ಣನ್ನು ಜರಡಿ ಹಿಡಿಯುವುದು, ಚೂರು ಸಿಮೆಂಟು ಬೆರೆಸುವುದು, ಕೈಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವುದು, ಗೋಣಿತಾಟು ಹೊದಿಸಿ ನೀರುಣಿಸುವುದು. ಗೂಡು ಬೇಡ, ಸೌದೆ ಬೇಡ, ಹೊಗೆ ಬೇಡ. ದಿನವಿಡೀ ಬೆಂಕಿಯ ಪಕ್ಕ ನಿಲ್ಲುವ ಮನುಷ್ಯನಿಗೆ ಸುಡದ ಇಟ್ಟಿಗೆ ಅಮೃತದಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ನನಗೂ ಅವರ ಉತ್ಸಾಹ ಅಂಟಿಕೊಂಡಿತು.

ಅತ್ತೆಗೆ ಮಾತ್ರ ಅಂಟಲಿಲ್ಲ. ಅವರಿಗೆ ಕಾರಣವಿತ್ತು. ಹಳ್ಳಿಯಲ್ಲಿದ್ದಾಗ ಒಂದು ಮಳೆಗಾಲ ಕೊಟ್ಟಿಗೆಯ ಮಣ್ಣಿನ ಗೋಡೆ ಕುಸಿದು, ಹಾಲು ಕರೆಯುತ್ತಿದ್ದ ಹಸು ಅದರಡಿ ಸಿಕ್ಕಿ ಸತ್ತಿತ್ತು. ಆ ವರ್ಷವೇ ಅವರು ಗಂಟುಮೂಟೆ ಕಟ್ಟಿ ಮೈಸೂರಿಗೆ ಬಂದದ್ದು.

"ಮಣ್ಣಿನ ಮನೆ ಬುಟ್ಟು ಬಂದೋರು ಕಣಪ್ಪ ನಾವು. ಈಗ ಸೈಟ್ ತಕ್ಕಂಡು ಮತ್ತೆ ಅದೇ ಮಣ್ಣಿಗೆ ಓಗ್ಬೇಕಾ? ನೀವು ಕಟ್ಕಳಿ. ನಾ ಮಾತ್ರ ಆ ಮನೇಲಿ ಕಾಲಿಕ್ಕಾಕಿಲ್ಲ," ಎಂದರು.

ಮಗ ಏನೇನೋ ವಿವರಿಸಿದರು. ಅತ್ತೆ ಅವರೆಕಾಯಿ ಸುಲಿಯುತ್ತಲೇ ಇದ್ದರು. ಸದ್ಯಕ್ಕೆ ಮಾತು ಅಲ್ಲಿಗೆ ನಿಂತಿತು, ಕೆಲಸ ನಿಲ್ಲಲಿಲ್ಲ.

ರಜೆ ಬಂತೆಂದರೆ ಬುತ್ತಿ ಕಟ್ಟಿಕೊಂಡು ಸೈಟಿಗೆ ಹೊರಡುವುದು ನಮ್ಮ ರೂಢಿಯಾಯಿತು. ಬಾಡಿಗೆಗೆ ತಂದ ಆ ಯಂತ್ರಕ್ಕೊಂದು ಉದ್ದನೆಯ ಹಿಡಿ. ಒಬ್ಬರು ಮಣ್ಣು ತುಂಬಬೇಕು, ಇನ್ನೊಬ್ಬರು ಹಿಡಿಗೆ ಜೋತುಬೀಳಬೇಕು. ನನ್ನ ಮೈತೂಕದ ಬಗ್ಗೆ ಅಲ್ಲಿಯವರೆಗೆ ಇದ್ದ ಕೊರಗೆಲ್ಲ ಹೋಯಿತು. ನಾನು ಜೋತುಬಿದ್ದ ಇಟ್ಟಿಗೆಗಳು ಸಣಕಲು ಗಂಡನ ಇಟ್ಟಿಗೆಗಳಿಗಿಂತ ನಿಸ್ಸಂಶಯವಾಗಿ ಗಟ್ಟಿಯಾಗಿದ್ದವು. ಸೋಮವಾರ ತರಗತಿಯಲ್ಲಿ ಬೋರ್ಡಿನ ಮೇಲ್ಸಾಲಿಗೆ ಕೈ ಎತ್ತಲಾಗುತ್ತಿರಲಿಲ್ಲ. ಆದರೂ ನನಗೆ ಒಳಗೊಳಗೇ ಖುಷಿ.

ಸೈಟಿನ ಎದುರು ಮನೆಯಲ್ಲಿ ನಿವೃತ್ತ ಓವರ್‌ಸಿಯರ್ ಒಬ್ಬರಿದ್ದರು. ನಾವು ಹೋದಾಗಲೆಲ್ಲ ಕಾಫಿ ಲೋಟ ಹಿಡಿದು ಕಾಂಪೌಂಡಿಗೆ ಬಂದು ನಿಲ್ಲುವರು. "ಚೆನ್ನಾಗಿದೆ ಕಣ್ರೀ, ಚೆನ್ನಾಗಿದೆ. ಮಳೆ ಬರೋವರೆಗೂ ಚೆನ್ನಾಗೇ ಇರುತ್ತೆ," ಎನ್ನುವರು.

ಮಾಗಿದ ಇಟ್ಟಿಗೆಯೊಂದನ್ನು ಅತ್ತೆಗೆ ತೋರಿಸಲೆಂದು ಮನೆಗೆ ತಂದೆ. ಅವರು ಕಣ್ಣೆತ್ತಿಯೂ ನೋಡಲಿಲ್ಲ. ಜಗುಲಿಯ ಮೇಲಿಟ್ಟು ಮರೆತುಬಿಟ್ಟೆ. ಸ್ವಲ್ಪ ದಿನದ ಮೇಲೆ ಬಟ್ಟೆ ಒಗೆಯಲು ಬಚ್ಚಲಿಗೆ ಹೋದರೆ ಮೂಲೆಯಲ್ಲಿ ಮುಚ್ಚಳ ಮುಚ್ಚಿದ ಬಕೆಟ್ಟು. ತೆರೆದು ನೋಡಿದರೆ ತುಂಬಿದ ನೀರಿನ ತಳದಲ್ಲಿ ನಮ್ಮ ಇಟ್ಟಿಗೆ! ಹಿಂದೆಯೇ ಅತ್ತೆ ಬಂದು ನಿಂತಿದ್ದರು, ಬೆಣ್ಣೆ ಕದ್ದು ಸಿಕ್ಕಿಬಿದ್ದವರ ಹಾಗೆ.

"ಏನತ್ತೆ ಇದು?"

"ನೆನೆಹಾಕಿವ್ನಿ," ಎಂದರು, ಕಡಲೆಕಾಳಿನ ವಿಷಯ ಹೇಳಿದಂತೆ. ಆಮೇಲೆ ಸೀರೆಯ ಸೆರಗು ಸಿಕ್ಕಿಸಿ, ಕೈ ಮುಳುಗಿಸಿ, ಇಟ್ಟಿಗೆಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದರು. "ದಿನಾ ನೋಡ್ತಾವ್ನಿ ಕಣಮ್ಮ. ಇನ್ನೂ ಕರಗ್ನಿಲ್ಲ, ಹಾಳಾದ್ದು."

ಆ 'ಹಾಳಾದ್ದು' ಎಂಬುದರಲ್ಲಿ ನಿರಾಸೆ ಎಷ್ಟು, ಅಕ್ಕರೆ ಎಷ್ಟು ಎಂದು ಇಷ್ಟು ವರ್ಷ ಭಾಷೆ ಕಲಿಸಿದ ನನಗೆ ತಿಳಿಯಲಿಲ್ಲ. ಗಂಡನಿಗೂ ಹೇಳದೆ ಬಕೆಟ್ಟಿಗೆ ಮತ್ತೆ ಮುಚ್ಚಳ ಹಾಕಿದೆ.

ಇಬ್ಬರು ಗಾರೆಯವರ ಜೊತೆ ನಾವೂ ಕೈಜೋಡಿಸಿದೆವು; ಗೋಡೆಗಳು ಎದೆಮಟ್ಟ ದಾಟಿದವು. ಇನ್ನೂ ತಾರಸಿ ಬಿದ್ದಿರಲಿಲ್ಲ. ಆಗ ಬಂತು ಚಿತ್ತೆ ಮಳೆ. ಮಧ್ಯಾಹ್ನ ಶುರುವಾದದ್ದು ಸಂಜೆಯವರೆಗೆ ಬಿಡದೆ ಚಚ್ಚಿತು. ನಮ್ಮವರು ಕಾರ್ಖಾನೆಯಲ್ಲಿದ್ದರು. ನಾನು ಶಾಲೆಯಿಂದ ತೊಯ್ದು ಮನೆಗೆ ಬಂದರೆ ಅತ್ತೆ ಕೊಡೆ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಆಟೋ ಕರಿ. ಓಗ್ ನೋಡವಾ."

ದಾರಿಯುದ್ದಕ್ಕೂ ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದರು. ಆ ಹಸುವಿನ ನೆನಪೇ ಇರಬೇಕು.

ನಾವು ಇಳಿಯುವಾಗ ಓವರ್‌ಸಿಯರ್ ಆಗಲೇ ಕೊಡೆ ಹಿಡಿದು ನಮ್ಮ ಸೈಟಿನೊಳಗೆ ನಿಂತಿದ್ದರು. ಗೋಡೆಗಳು ನೀರು ಕುಡಿದು ಕೆಂಪಗೆ ಮಿನುಗುತ್ತಿದ್ದವು. ಬುಡದಲ್ಲಿ ಕೆಸರು ಸಿಡಿದಿತ್ತು. ಅಷ್ಟೇ. ಎಲ್ಲ ನೆಟ್ಟಗೆ ನಿಂತಿದ್ದವು. ಅತ್ತೆ ಚಪ್ಪಲಿ ಬಿಟ್ಟರು. ಕೆಸರಿನಲ್ಲೇ ನಡೆದು ಒಳಗೆ ಹೋಗಿ, ಒಂದೊಂದು ಗೋಡೆಗೂ ಅಂಗೈ ಒತ್ತಿ ನೋಡುತ್ತ ಸುತ್ತಿದರು.

"ಈ ಸಲ ಹೇಗೋ ತಡ್ಕೊಂಡಿದೆ," ಎಂದರು ಓವರ್‌ಸಿಯರ್. "ಮಣ್ಣು ಮಣ್ಣೇ ಅಲ್ವೇ ತಾಯಿ? ಇವತ್ತಲ್ಲ ನಾಳೆ—"

ಅತ್ತೆ ತಿರುಗಿದರು. "ಯಾಕ್ ಸಾಮಿ ಅಂಗಂತೀರಿ? ದಸರಾಕ್ ಮುಂಚಿಂದ ನಮ್ಮ್ ಬಚ್ಲಲ್ಲಿ ನೀರಲ್ಲಿ ಬಿದ್ದದೆ ಒಂದು. ಒಂದ್ ಚೂರೂ ಕರಗಿಲ್ಲ. ನಮ್ಮನೆ ಗ್ವಾಡೆ ಕಣ್ರೀ ಇದು, ಬೆಲ್ಲ ಅಲ್ಲ!"

ಓವರ್‌ಸಿಯರ್ ಜೋರಾಗಿ ನಕ್ಕುಬಿಟ್ಟರು. ನಾವೂ ನಕ್ಕೆವು. ಅವರ ಮನೆಯಲ್ಲೇ ಬಿಸಿ ಕಾಫಿಯಾಯಿತು. ಸೂರನ್ನು ಇನ್ನಷ್ಟು ಮುಂದಕ್ಕೆ ಚಾಚಿದರೆ ಗೋಡೆಗೆ ಇರಚಲು ಹೊಡೆಯುವುದಿಲ್ಲವೆಂದು ಸಲಹೆ ಕೊಟ್ಟರು. ಅದು ಒಳ್ಳೆಯ ಸಲಹೆಯೇ, ಹಾಗೆಯೇ ಮಾಡಿದೆವು.

ಅಲ್ಲಿಂದ ಮುಂದೆ ಅತ್ತೆಯನ್ನು ತಡೆಯುವವರೇ ಇರಲಿಲ್ಲ. ಕೆಂಪು ಗಾರೆ ನೆಲವನ್ನು ತೆಂಗಿನೆಣ್ಣೆ ಬಟ್ಟೆಯಿಂದ ತಿಕ್ಕಿ ತಿಕ್ಕಿ ನಮ್ಮ ಮುಖ ಕಾಣುವಂತೆ ಮಾಡಿದವರು ಅವರು. ಅಡುಗೆಮನೆಯ ಕಿಟಕಿ ಪೂರ್ವಕ್ಕಿರಲಿ ಎಂದು ಹಟ ಹಿಡಿದು ಗೆದ್ದವರೂ ಅವರೇ. ಒಳಗೋಡೆಗೆ ಸುಣ್ಣ ಬಳಿದದ್ದು ನಾನು. ಒಂದು ಮೂಲೆ ಇಂದಿಗೂ ಭೂಪಟದಂತಿದೆ.

ಗೃಹಪ್ರವೇಶದ ದಿನ ಬಂದವರೆಲ್ಲ ಒಳಗಿನ ತಂಪಿಗೆ ಬೆರಗಾಗಿ, ಯಾರು ಕಟ್ಟಿದ್ದು ಎಂದು ಕೇಳಿದರು. ನಡುಮನೆಯಲ್ಲಿ ನಮ್ಮವರು ಯಂತ್ರದ ಕಥೆ ಹೇಳುತ್ತಿದ್ದರು. ಅಡುಗೆಮನೆಯಲ್ಲಿ ಅತ್ತೆ, "ನಾನ್ ನೋಡಿ ಸೈ ಅಂದ್ಮೇಲೆ ಕಟ್ಟಿದ್ದು," ಎನ್ನುತ್ತಿದ್ದರು. ಬಾಗಿಲಲ್ಲಿ ಓವರ್‌ಸಿಯರ್ ಸೂರು ತೋರಿಸಿ, "ನನ್ನ ಐಡಿಯಾ," ಎನ್ನುತ್ತಿದ್ದರು. ಹಿಡಿಗೆ ಜೋತುಬಿದ್ದವಳು ನಾನು; ಸುಮ್ಮನೆ ಪಾಯಸ ಬಡಿಸಿದೆ. ಮನೆಗೆ ಸಂಬಂಧಪಟ್ಟ ಪ್ರತಿಯೊಬ್ಬರೂ ಅದನ್ನು ತಾನೇ ಕಟ್ಟಿದ್ದೆಂದು ನಂಬಿಕೊಂಡರೆ ಅದಕ್ಕಿಂತ ಭದ್ರವಾದ ತಳಪಾಯ ಬೇರೊಂದಿಲ್ಲ. ಅದನ್ನು ಅಲುಗಾಡಿಸಬಾರದು.