ಸಾಹೇಬರ ಸಸಿ, ಗಣಪಿಯ ಮೊಲ

ಗಣಪಿಯ ಒಲೆಯ ಪಕ್ಕ, ಮಡಚಿ ಹಾಸಿದ ಗೋಣಿಚೀಲದ ಮೇಲೆ, ಒಂದು ಕಾಡುಮೊಲ ಬಸಳೆದಂಟು ಕಡಿಯುತ್ತ ಕೂತಿರುತ್ತಿತ್ತು. ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತರಲ್ಲಿ ನಾನು ಎಕ್ಕಂಬಿಯ ಕಡೆಯ ಶಾಲೆಗೆ ಮಾಸ್ತರನಾಗಿ ಹೋದೆ. ವಾಸ ಅರಣ್ಯ ಬಂಗಲೆಯ ಹಿಂದಿನ ಕೋಣೆಯಲ್ಲಿ, ಊಟ ಬಂಗಲೆಯ ಕಾವಲುಗಾರ ಮಾಬ್ಲನ ಮನೆಯಲ್ಲಿ. ಗಣಪಿ ಅವನ ಹೆಂಡತಿ. ಹೆತ್ತ ಮಗು ಉಳಿಯದ ವರ್ಷ, ಸೊಪ್ಪಿಗೆ ಹೋದವಳು ತಾಯಿಯಿಲ್ಲದ ಈ ಮರಿಯನ್ನು ಸೆರಗಿನಲ್ಲಿ ತಂದು, ಹತ್ತಿಯಲ್ಲಿ ಹಾಲು ಅದ್ದಿ ಬದುಕಿಸಿ, ಪುಟ್ಟಿ ಎಂದು ಹೆಸರಿಟ್ಟಿದ್ದಳು.

ಬಂಗಲೆಯ ಅಂಗಳದಲ್ಲೂ ಒಂದು ಸಾಕುಕೂಸಿತ್ತು. ಅರಣ್ಯದ ಸಾಹೇಬರು ದೂರದ ದಕ್ಷಿಣ ಘಟ್ಟಗಳಿಂದ ತರಿಸಿ ನೆಟ್ಟ, ಮೊಣಕಾಲೆತ್ತರದ ಸಸಿ. ದೇವದಾರಿನ ಬಳಗದ್ದಂತೆ, ಆದರೆ ಸೂಜಿಯಂಥ ಎಲೆಯಿಲ್ಲ, ನೋಡಿದರೆ ನೇರಳೆಯ ತಂಗಿ ಎನ್ನಬೇಕು. “ಆ ಬಳಗದಲ್ಲಿ ನಮ್ಮ ದಕ್ಷಿಣದ್ದು ಅಂತ ಇರೋದು ಇದೊಂದೇ” ಎನ್ನುವಾಗ, ಒಳ್ಳೆಯ ಮನುಷ್ಯರಾದ ಆ ಸಾಹೇಬರ ದನಿ ಮೆದುವಾಗುತ್ತಿತ್ತು.

ಒಂದು ಬೆಳಿಗ್ಗೆ ಸಸಿಯ ತೊಗಟೆಯಲ್ಲಿ ಹಲ್ಲಿನ ಗುರುತು ಕಂಡಿತು. ಸುತ್ತ ಒಂದು ಮೊಲವೂ ಉಳಿಯಬಾರದೆಂದು ಅಪ್ಪಣೆಯಾಯಿತು. ಸಂಜೆ ನಾನು ಶಾಲೆಯಿಂದ ಬಂದಾಗ ಗೋಣಿಚೀಲ ಬರಿದಾಗಿತ್ತು.

“ಸಾಹೇಬ್ರು ಬಾಗಿಲಲ್ಲೇ ನಿಂತು ಅದನ್ನ ಕಂಡ್ರು ಮಾಸ್ತರ್ರೇ, ಹೊಡೀದೆ ಎಂತ ಮಾಡೂದು?” ಎಂದ ಮಾಬ್ಲ, ಕೈಗೆ ನೀರು ಹೊಯ್ದುಕೊಳ್ಳುತ್ತ.

ಗಣಪಿ ಗೋಡೆಯ ಕಡೆ ಮುಖ ಮಾಡಿದ್ದಳು. “ಅದಕ್ಕೊಂದು ಹೆಸರುಂಟು ಅಂತಾದ್ರೂ ಹೇಳ್ಬಹುದಿತ್ತು.”

“ಹೇಳಿದ್ರೆ ನಗ್ತಿದ್ರು.”

ಗೆಳೆಯರೇ, ಅಂದು ರಾತ್ರಿ ಊಟಕ್ಕೆ ಕೂತು ಯೋಚಿಸಿದೆ. ಮೊಲಗಳು ಬೇಲಿಗೊಂದರಂತೆ ಇದ್ದವು, ಒಂದು ಹೋದರೆ ಕಾಡಿಗೆ ತಿಳಿಯುವುದಿಲ್ಲ. ಸಸಿ ಹೋದರೆ ಅಂಥದು ಈ ಸೀಮೆಯಲ್ಲೇ ಇಲ್ಲ. ಸಾಹೇಬರ ಲೆಕ್ಕ ತಪ್ಪೆನ್ನಲು ಬಾಯಿ ಬರುವುದಿಲ್ಲ. ಆದರೆ ಆ ಮನೆಯೊಳಗೂ ಒಂದೇ ಒಂದು ಇತ್ತಲ್ಲ, ಅದನ್ನು ಯಾವ ಕಾಡಿನಿಂದ ತುಂಬಿಕೊಡುವುದು?

ಮಳೆಗಾಲದಲ್ಲಿ ಬುಡಕ್ಕೆ ನೀರು ನಿಂತು ಸಸಿ ಕೊಳೆಯಿತು. ಸಾಹೇಬರು ಬಂದು, ಟೋಪಿ ತೆಗೆದು, ಬಹಳ ಹೊತ್ತು ಅದರೆದುರು ಕೂತರು. ಮಾಬ್ಲ ಬಂಗಲೆಯ ಮೆಟ್ಟಿಲ ಮೇಲೆ ಕೂತಿದ್ದ, ಗಣಪಿ ಚಹಾ ತಂದಿಟ್ಟಳು.

“ಇಂಥದು ಇನ್ನೆಲ್ಲಿ ಸಿಗತ್ತೆ?” ಎಂದರು ಅವರು, ಯಾರನ್ನೂ ನೋಡದೆ.

“ಸಿಗೂದಿಲ್ಲ” ಎಂದಳು ಗಣಪಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಾಹೇಬರು ತಲೆಯೆತ್ತಿದರು, ಮಾಬ್ಲ ಅಲ್ಲಿಂದೆದ್ದು ಹೋದ.